ಬೈತಖೋಲದ ಬಿಸಿಲಿಗೊಂದು, ರಾತ್ರಿ ಓದಿಗೊಂದು: ಫೋನಿನ ಸ್ಕ್ರೀನ್ ಯಾವುದು ತಗೊಳ್ಳೋದು?

ಪ್ರಶ್ನೆ: ಅಣ್ಣಾ, ನಾವು ಕಾರವಾರದವರು. ಅಪ್ಪ ಬೈತಖೋಲದ ಮೀನುಗಾರಿಕೆ ಬಂದರಿನಿಂದ ಬೋಟಿಗೆ ಹೋಗ್ತಾರೆ, ಬಿಸಿಲಲ್ಲಿ ಫೋನ್ ಏನೂ ಕಾಣೋದಿಲ್ಲ ಅಂತ ದಿನಾ ಬೈಕೊಳ್ತಾರೆ. ನಾನು ಬ್ಯಾಂಕ್ ಪರೀಕ್ಷೆಗೆ ಓದ್ತಾ ಇದ್ದೇನೆ, ರಾತ್ರಿ ಒಂದು ಗಂಟೆವರೆಗೂ ಫೋನಲ್ಲೇ ಪಿಡಿಎಫ್ ನೋಡ್ಬೇಕು, ತಲೆನೋವು ಬರ್ತದೆ. ಇಬ್ಬರಿಗೂ ಹೊಸ ಫೋನ್ ತಗೋಬೇಕು, ಎರಡೂ ಸೇರಿ 35 ಸಾವಿರದೊಳಗೆ. ಅಂಗಡಿಯಲ್ಲಿ ಅಮೋಲೆಡ್ ಬಿಟ್ಟು ಬೇರೆ ನೋಡಲೇಬೇಡಿ ಅಂದ್ರು. ನನ್ನ ಗೆಳತಿ ಅಮೋಲೆಡ್ ಕಣ್ಣಿಗೆ ಕೆಟ್ಟದ್ದು, ಎಲ್‌ಸಿಡಿನೇ ಒಳ್ಳೇದು ಅಂತಾಳೆ. ಬಾಕ್ಸ್ ಮೇಲೆ 4500 ನಿಟ್ಸ್, 120 ಹರ್ಟ್ಜ್ ಅಂತೆಲ್ಲ ಬರ್ದಿರ್ತಾರೆ. ಯಾವುದನ್ನ ನಂಬ್ಲಿ?

ಉತ್ತರ: ತಂಗಿ, ಅಂಗಡಿಯವರೂ ಸುಳ್ಳು ಹೇಳ್ಲಿಲ್ಲ, ನಿನ್ನ ಗೆಳತಿನೂ ಸುಳ್ಳು ಹೇಳ್ಲಿಲ್ಲ, ಒಬ್ಬರು ಹಗಲಿನ ಮಾತು ಹೇಳಿದ್ರು ಇನ್ನೊಬ್ಬಳು ರಾತ್ರಿ ಮಾತು ಹೇಳಿದ್ಲು ಅಷ್ಟೇ. ನಾನು ಶಿರಸಿಯಲ್ಲಿ ಹದಿನಾಲ್ಕು ವರ್ಷದಿಂದ ಫೋನ್ ರಿಪೇರಿ ಮಾಡ್ತಾ ಇದ್ದೇನೆ, ದಿನಕ್ಕೆ ನಾಲ್ಕೈದಾದ್ರೂ ಡಿಸ್‌ಪ್ಲೇ ಬಿಚ್ಚಿ ಹಾಕ್ತೇನೆ, ಯಾರಾದ್ರೂ ಹೊಸ ಫೋನ್ ಯಾವುದು ತಗೊಳ್ಳೋದು ಅಂತ ಕೇಳಿದ್ರೆ ನಾನು ಮೊದಲು ಕೇಳೋದು ಬಜೆಟ್ ಅಲ್ಲ, ಜಾಸ್ತಿ ಹೊತ್ತು ಎಲ್ಲಿ ಕೂತು ಫೋನ್ ನೋಡ್ತೀರಿ, ಅಲ್ಲಿ ಬೆಳಕು ಎಷ್ಟಿರ್ತದೆ ಅಂತ. ನಿಮ್ಮ ಮನೆಯ ವಿಚಾರದಲ್ಲಿ ಅಪ್ಪ ನೋಡೋದು ನಡು ಮಧ್ಯಾಹ್ನದ ಬಿಸಿಲಲ್ಲಿ, ನೀನು ನೋಡೋದು ಲೈಟ್ ಆರಿಸಿದ ರೂಮಲ್ಲಿ. ಹಾಗಾಗಿ ಇಬ್ಬರಿಗೂ ಒಂದೇ ಮಾಡೆಲ್ ತಗೊಂಡು ಬಿಡೋಣ ಅನ್ನೋ ಯೋಚನೆ ಇದ್ರೆ ಅದನ್ನ ಮೊದಲು ಬಿಡು.

ಮೊದಲು ಎರಡೂ ಸ್ಕ್ರೀನ್ ಹೆಂಗೆ ಕೆಲಸ ಮಾಡ್ತದೆ ಅಂತ ಹೇಳ್ತೇನೆ, ಇದು ತಿಳ್ಕೊಂಡ್ರೆ ಬಾಕಿದ್ದೆಲ್ಲ ತಾನೇ ಅರ್ಥ ಆಗ್ತದೆ. ಎಲ್‌ಸಿಡಿಯಲ್ಲಿ ಹಿಂದೆ ಒಂದು ಬಿಳಿ ಲೈಟ್ ಯಾವಾಗಲೂ ಉರೀತಾನೇ ಇರ್ತದೆ, ಅದಕ್ಕೆ ಬ್ಯಾಕ್‌ಲೈಟ್ ಅಂತಾರೆ. ಅದರ ಮುಂದೆ ಲಕ್ಷಗಟ್ಟಲೆ ಸಣ್ಣ ಸಣ್ಣ ಕಿಟಕಿ, ಒಂದೊಂದು ಕಿಟಕಿಗೂ ಕೆಂಪು ಹಸಿರು ನೀಲಿ ಬಣ್ಣದ ಗಾಜು. ಚಿತ್ರ ಬರೋದು ಕಿಟಕಿ ತೆಗೆದು ಮುಚ್ಚಿ ಮಾಡೋದ್ರಿಂದ. ಕಪ್ಪು ಬೇಕು ಅಂದ್ರೆ ಕಿಟಕಿ ಮುಚ್ತದೆ, ಆದ್ರೆ ಹಿಂದಿನ ಲೈಟ್ ಆರೋದಿಲ್ಲ, ಸಂದಿಯಲ್ಲಿ ಸ್ವಲ್ಪ ಬೆಳಕು ಸೋರ್ತಾನೇ ಇರ್ತದೆ. ಓಎಲ್‌ಇಡಿಯಲ್ಲಿ ಹಿಂದೆ ಲೈಟೇ ಇಲ್ಲ. ದೀಪಾವಳಿಗೆ ಜಗುಲಿ ತುಂಬ ಹಣತೆ ಇಟ್ಟ ಹಾಗೆ ಒಂದೊಂದು ಚುಕ್ಕೆನೂ ತಾನೇ ಉರೀತದೆ, ಕಪ್ಪು ಬೇಕಾದ ಕಡೆ ಆ ಹಣತೆ ಪೂರಾ ಆರ್ತದೆ. ಅಮೋಲೆಡ್ ಅಂದ್ರೆ ಇದೇ ಓಎಲ್‌ಇಡಿ, ಪ್ರತಿ ಚುಕ್ಕೆಯ ಹಿಂದೆ ಅದನ್ನ ನಡೆಸೋಕೆ ಟ್ರಾನ್ಸಿಸ್ಟರ್ ಇರೋ ಜಾತಿ. ಪಿ-ಓಎಲ್‌ಇಡಿ, ಸೂಪರ್ ಅಮೋಲೆಡ್ ಅಂತೆಲ್ಲ ಕಂಪನಿಗಳು ಬೇರೆ ಬೇರೆ ಹೆಸರು ಇಟ್ಕೊಂಡಿವೆ, ಮೂಲ ಒಂದೇ. 1987ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಅನ್ನೋ ಇಬ್ಬರು ಈ ವಿದ್ಯೆಯನ್ನ ತೋರಿಸಿಕೊಟ್ರು, ಐಫೋನಿಗೆ ಅದು ಬರೋಕೆ 2017 ಆಯ್ತು, ಐಫೋನ್ ಎಕ್ಸಲ್ಲಿ. ಅಲ್ಲಿವರೆಗೆ ಬಂದ ಐಫೋನೆಲ್ಲ ಎಲ್‌ಸಿಡಿನೇ, ಅವನ್ನ ಯಾರೂ ಕೆಟ್ಟ ಸ್ಕ್ರೀನ್ ಅಂದಿದ್ದಿಲ್ಲ.

ಒಂದು ಮಾತು ಮಧ್ಯದಲ್ಲೇ ಹೇಳಿಬಿಡ್ತೇನೆ, ಕಡಿಮೆ ರೇಟಿನ ಫೋನಿನ ಮೇಲೆ ಬರೀ ಟಿಎಫ್‌ಟಿ ಅಂತ ಬರ್ದಿದ್ರೆ ಅದು ಬೇರೆ ಜಾತಿ ಸ್ಕ್ರೀನ್ ಅಲ್ಲ, ಎಲ್‌ಸಿಡಿನೇ, ಐಪಿಎಸ್ (ಎಲ್‌ಸಿಡಿಯಲ್ಲೇ ಒಳ್ಳೆ ಜಾತಿ) ಅಂತ ಹೇಳ್ಕೊಳ್ಳೋಕೆ ಆಗದೇ ಇದ್ದಾಗ ಹೆಚ್ಚಾಗಿ ಹಾಗೆ ಬರೀತಾರೆ. ಅಂಥದ್ದನ್ನ ಸ್ವಲ್ಪ ಓರೆ ಹಿಡಿದು ನೋಡು, ಬಣ್ಣ ಬಿಳಚಿಕೊಂಡ್ರೆ ವಾಪಸ್ ಕೊಡು. ಒಳ್ಳೆ ಐಪಿಎಸ್ ಆದ್ರೆ ಓರೆಯಿಂದ ನೋಡಿದ್ರೂ ಬಣ್ಣ ಹಾಗೇ ಇರ್ತದೆ.

ಎರಡರ ವ್ಯತ್ಯಾಸ ಕಣ್ಣಲ್ಲೇ ನೋಡ್ಬೇಕು ಅಂದ್ರೆ ಯಕ್ಷಗಾನದ ವಿಡಿಯೋ ಹಾಕು. ರಾತ್ರಿ ಬಯಲಾಟ ರೆಕಾರ್ಡ್ ಮಾಡಿದ್ದು, ಹಿಂದೆಲ್ಲ ಕತ್ತಲೆ, ಮುಂದೆ ವೇಷ ಒಂದೇ ಬೆಳಕಲ್ಲಿ. ಎಲ್‌ಸಿಡಿಯಲ್ಲಿ ಆ ಕತ್ತಲೆ ಬೂದಿ ಬಣ್ಣಕ್ಕೆ ಕಾಣ್ತದೆ, ಭಾಗವತರ ಹಿಂದೆ ಎಂತೋ ಹೊಗೆ ತುಂಬಿದ ಹಾಗೆ. ಅಮೋಲೆಡಲ್ಲಿ ಕತ್ತಲೆ ಕತ್ತಲೆಯಾಗೇ ಇರ್ತದೆ, ಕಿರೀಟದ ಹೊಳಪು ಎದ್ದು ಬರ್ತದೆ. ಒಳ್ಳೆ ಐಪಿಎಸ್‌ನಲ್ಲೂ ಬಿಳಿಗೂ ಕಪ್ಪಿಗೂ ಇರೋ ಬೆಳಕಿನ ಅಂತರ ಸುಮಾರು 1000ಕ್ಕೆ 1, ಜಾಸ್ತಿ ಅಂದ್ರೆ 1500ಕ್ಕೆ 1. ಓಎಲ್‌ಇಡಿಯಲ್ಲಿ ಕಪ್ಪು ಚುಕ್ಕೆ ಪೂರಾ ಆರಿರೋದ್ರಿಂದ ಆ ಲೆಕ್ಕವೇ ಇಲ್ಲ. ವಿಡಿಯೋ ನೋಡೋರಿಗೆ ಅಮೋಲೆಡ್ ಅಂತ ನಾನು ಕಣ್ಣು ಮುಚ್ಚಿ ಹೇಳ್ತೇನೆ, ಆದ್ರೆ ನೀನು ಕೇಳಿದ್ದು ಅದಲ್ಲ.

ಈಗ ಅಪ್ಪನ ವಿಚಾರಕ್ಕೆ ಬರೋಣ. ಟ್ಯೂಬ್‌ಲೈಟ್ ಇರೋ ರೂಮಲ್ಲಿ ಬೆಳಕು ಇನ್ನೂರು ಮುನ್ನೂರು ಲಕ್ಸ್ (ಮೇಲೆ ಬೀಳೋ ಬೆಳಕಿನ ಅಳತೆ) ಇರ್ತದೆ, ನೇರ ಬಿಸಿಲಲ್ಲಿ ಅದು ಒಂದು ಲಕ್ಷ ಲಕ್ಸ್ ಹತ್ತಿರ ಹೋಗ್ತದೆ. ಬೋಟಿನ ಮೇಲೆ ಇನ್ನೂ ಕಷ್ಟ, ಮೇಲಿಂದ ಬಿಸಿಲು, ಕೆಳಗಿಂದ ನೀರು ಹೊಳೆಯೋದು, ಎರಡೂ ಗಾಜಿನ ಮೇಲೆ ಬಿದ್ದು ಕಣ್ಣಿಗೆ ಹೊಡೀತದೆ. ಫೋನಿನ ಬೆಳಕು ಆ ಪ್ರತಿಫಲನವನ್ನ ದಾಟಿ ಬರ್ಬೇಕು. ಸ್ಕ್ರೀನಿನ ಬೆಳಕನ್ನ ಅಳೆಯೋದು ನಿಟ್ಸಲ್ಲಿ. ಕಡಿಮೆ ರೇಟಿನ ಎಲ್‌ಸಿಡಿ ಹೆಚ್ಚಾಗಿ 400ರಿಂದ 600 ನಿಟ್ಸ್ ಕೊಡ್ತದೆ, ಮನೆ ಒಳಗೆ ಅದು ಧಾರಾಳ ಸಾಕು, ಬೈತಖೋಲದ ಧಕ್ಕೆ ಮೇಲೆ ನಿಂತ್ರೆ ಸಾಲೋದಿಲ್ಲ. ಅಪ್ಪ ಬೈಕೊಳ್ಳೋದು ಇದಕ್ಕೇ.

ಹಾಗಾದ್ರೆ 4500 ನಿಟ್ಸ್ ಫೋನ್ ತಗೊಂಡ್ರೆ ಆಯ್ತಲ್ಲ ಅಂತ ಅನ್ನಬೇಡ. ಆ 4500 ಅನ್ನೋದು ಪೀಕ್ ಬ್ರೈಟ್‌ನೆಸ್. ಅಂದ್ರೆ ಸ್ಕ್ರೀನಿನ ಒಂದು ಚೂರು ಜಾಗ ಮಾತ್ರ, ಅದೂ ಎಚ್‌ಡಿಆರ್ ಅನ್ನೋ ಜಾಸ್ತಿ ಹೊಳಪಿನ ವಿಡಿಯೋ ಓಡುವಾಗ, ಅದೂ ಸ್ವಲ್ಪ ಹೊತ್ತು ಮುಟ್ಟೋ ಬೆಳಕು. ಇಡೀ ಸ್ಕ್ರೀನ್ ಅಷ್ಟು ಬೆಳಕು ಕೊಡೋದಿಲ್ಲ. ನಿನಗೆ ಬೇಕಾಗಿದ್ದು ಹೈ ಬ್ರೈಟ್‌ನೆಸ್ ಮೋಡ್, ಎಚ್‌ಬಿಎಂ ಅಂತ ಬರ್ದಿರ್ತಾರೆ, ಆ ನಂಬರ್. ಸ್ಪೆಕ್ ಪಟ್ಟಿಯಲ್ಲಿ ಮೂರು ನಂಬರ್ ಕೊಟ್ಟಿದ್ರೆ ಮಧ್ಯದ್ದು ಸಾಮಾನ್ಯವಾಗಿ ಅದೇ. ಬಿಸಿಲಿಗೆ 1000 ನಿಟ್ಸ್ ಎಚ್‌ಬಿಎಂ ಇದ್ರೆ ಅಡ್ಡಿಲ್ಲ, 1200 ದಾಟಿದ್ರೆ ಇನ್ನೂ ಆರಾಮ. ಇಷ್ಟು ಬೆಳಕು ಈ ರೇಟಲ್ಲಿ ಹೆಚ್ಚಾಗಿ ಸಿಗೋದು ಅಮೋಲೆಡಲ್ಲೇ, ಹಾಗಾಗಿ ಅಪ್ಪನಿಗೆ ಅಮೋಲೆಡ್, ಇದರಲ್ಲಿ ನನಗೆ ಅನುಮಾನ ಇಲ್ಲ.

ಆದ್ರೆ ಫೋನ್ ತಗೊಂಡ ಮೇಲೆ ಎಷ್ಟೋ ಜನ ಮಾಡೋ ಒಂದು ತಪ್ಪು ಉಂಟು, ಆಟೋ ಬ್ರೈಟ್‌ನೆಸ್ ಆಫ್ ಮಾಡಿ ಇಟ್ಕೊಳ್ಳೋದು. ತುಂಬಾ ಫೋನಲ್ಲಿ ಆ ಎಚ್‌ಬಿಎಂ ಆನ್ ಆಗೋದೇ ಆಟೋ ಇದ್ದಾಗ, ಮೇಲಿನ ಸೆನ್ಸರ್‌ಗೆ ಬಿಸಿಲು ಬಿದ್ದಾಗ. ಕೈಯಲ್ಲಿ ಸ್ಲೈಡರ್ ಪೂರಾ ಎಳೆದ್ರೂ ಅರ್ಧ ಬೆಳಕೇ ಬರ್ತದೆ. ಕಳೆದ ಏಪ್ರಿಲಲ್ಲಿ ಒಬ್ಬರು ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ನಮ್ಮ ಅಂಗಡಿಗೆ ಬಂದಿದ್ರು, ಡಿಸ್‌ಪ್ಲೇ ಮಂಕಾಗಿದೆ ಬದಲಿಸಿ ಕೊಡು ಅಂತ. ನಾನು ಆಟೋ ಆನ್ ಮಾಡಿ ಹೊರಗೆ ರಸ್ತೆ ಬದಿಗೆ ಕರ್ಕೊಂಡು ಹೋಗಿ ತೋರಿಸಿದೆ, ಅವರು ಫೋನನ್ನ ಹಿಂದೆ ಮುಂದೆ ತಿರುಗಿಸಿ ತಿರುಗಿಸಿ ನೋಡಿದ್ರು, ದುಡ್ಡು ಎಷ್ಟು ಅಂತ ಕೇಳಿದ್ರು, ಎಂತದ್ದೂ ಬೇಡ ಚಾ ಕುಡಿಸಿ ಅಂದೆ. ಇನ್ನೊಂದು, ಫೋನ್ ಬಿಸಿಯಾದ್ರೆ ಬೆಳಕನ್ನ ತಾನೇ ಕಡಿಮೆ ಮಾಡ್ಕೊಳ್ತದೆ. ಬೋಟಿನ ಡ್ಯಾಶ್ ಮೇಲೆ ಬಿಸಿಲಿಗೆ ಬೆನ್ನು ಕಾಯಿಸಿ ಇಟ್ರೆ ಯಾವ ಫೋನೂ ಜಾಸ್ತಿ ಹೊತ್ತು ಪೂರ್ತಿ ಬೆಳಕು ಕೊಡೋದಿಲ್ಲ. ನೆರಳಲ್ಲಿ ಇಟ್ಟು ನೋಡುವಾಗ ಮಾತ್ರ ಹೊರಗೆ ತೆಗೀಲಿಕ್ಕೆ ಹೇಳು.

ಅಪ್ಪ ಕೂಲಿಂಗ್ ಗ್ಲಾಸ್ ಹಾಕ್ತಾರಾ? ಅದು ಪೋಲರೈಸ್ಡ್ ಆಗಿದ್ರೆ ಅದನ್ನೂ ಅಂಗಡಿಗೆ ತಗೊಂಡು ಹೋಗು. ಎರಡೂ ಜಾತಿ ಸ್ಕ್ರೀನಿನ ಮೇಲೆ ಪೋಲರೈಸರ್ ಅನ್ನೋ ಪದರ ಇರ್ತದೆ, ಕನ್ನಡಕದಲ್ಲೂ ಅದೇ ಇರ್ತದೆ, ಎರಡೂ ಅಡ್ಡ ಬಂದ್ರೆ ಸ್ಕ್ರೀನ್ ಪೂರಾ ಕಪ್ಪಾಗಿ ಕಾಣ್ತದೆ. ಫೋನ್ ನೆಟ್ಟಗೆ ಹಿಡಿದು ಒಂದು ಸಲ, ಅಡ್ಡ ಹಿಡಿದು ಒಂದು ಸಲ ನೋಡ್ಲಿ. ಎರಡು ನಿಮಿಷದ ಕೆಲಸ.

ಇನ್ನು ನಿನ್ನ ತಲೆನೋವು. ನಿನ್ನ ಗೆಳತಿ ಹೇಳಿದ್ದಕ್ಕೆ ಕಾರಣ ಉಂಟು, ಆದ್ರೆ ಅವಳು ಹೇಳಿದಷ್ಟು ಸರಳ ಇಲ್ಲ. ಬೆಳಕು ಕಡಿಮೆ ಮಾಡೋಕೆ ತುಂಬಾ ಅಮೋಲೆಡ್ ಸ್ಕ್ರೀನ್ ಮಾಡೋ ಉಪಾಯ ಎಂತ ಅಂದ್ರೆ, ಚುಕ್ಕೆಗಳನ್ನ ಬೇಗ ಬೇಗ ಹಚ್ಚಿ ಆರಿಸೋದು. ಹಚ್ಚಿದ ಹೊತ್ತು ಕಡಿಮೆ, ಆರಿದ ಹೊತ್ತು ಜಾಸ್ತಿ ಆದ್ರೆ ನಮ್ಮ ಕಣ್ಣಿಗೆ ಮಂದ ಬೆಳಕು ಅನಿಸ್ತದೆ. ಇದಕ್ಕೆ ಪಿಡಬ್ಲ್ಯೂಎಂ ಡಿಮ್ಮಿಂಗ್ ಅಂತಾರೆ. ಕೆಲವು ಫೋನಲ್ಲಿ ಸೆಕೆಂಡಿಗೆ 240 ಸಲ, ಕೆಲವದರಲ್ಲಿ 480 ಸಲ ಹೀಗೆ ಮಿನುಗ್ತದೆ. ಕಣ್ಣಿಗೆ ಮಿನುಗೋದು ಕಾಣೋದಿಲ್ಲ, ಆದ್ರೆ ಕೆಲವರಿಗೆ ಅದು ತಾಗ್ತದೆ, ಕಣ್ಣು ಭಾರ ಆಗೋದು, ಹಣೆ ಹಿಂಡಿದ ಹಾಗೆ ನೋವು. ಎಲ್ಲರಿಗೂ ಅಲ್ಲ. ನನಗೆ ಏನೂ ಆಗೋದಿಲ್ಲ, ನನ್ನ ಹೆಂಡತಿಗೆ ಅರ್ಧ ಗಂಟೆಯಲ್ಲಿ ತಲೆ ಹಿಡ್ಕೊಳ್ತದೆ, ಒಂದೇ ಫೋನಲ್ಲಿ. ಬ್ರೈಟ್‌ನೆಸ್ ಎಷ್ಟು ಕಡಿಮೆ ಮಾಡ್ತೀಯೋ ಅಷ್ಟು ಈ ತೊಂದರೆ ಜಾಸ್ತಿ, ಹಾಗಾಗಿ ರಾತ್ರಿ ಕತ್ತಲಲ್ಲಿ ಓದೋ ನಿನ್ನಂಥವರಿಗೇ ಇದು ಮುಖ್ಯ, ಬಿಸಿಲಲ್ಲಿ ನೋಡೋ ಅಪ್ಪನಿಗೆ ಇದರ ಸಂಬಂಧವೇ ಇಲ್ಲ.

ಈಗ ಕೆಲವು ಕಂಪನಿಗಳು ಈ ಮಿನುಗೋದನ್ನ 1920, 2160, 3840 ಸಲಕ್ಕೆ ಏರಿಸಿವೆ, ಅಷ್ಟು ವೇಗ ಆದ್ರೆ ತಾಗೋದು ಕಡಿಮೆ. ಇನ್ನು ಕೆಲವದರಲ್ಲಿ ಡಿಸಿ ಡಿಮ್ಮಿಂಗ್ ಅಂತ ಸೆಟಿಂಗ್ ಇರ್ತದೆ, ಅಲ್ಲಿ ಹಚ್ಚಿ ಆರಿಸೋ ಬದಲು ಕರೆಂಟನ್ನೇ ಕಡಿಮೆ ಮಾಡ್ತದೆ. ಎಲ್‌ಸಿಡಿಯಲ್ಲಿ ಹೆಚ್ಚಾಗಿ ಈ ತೊಂದರೆ ಇರೋದಿಲ್ಲ, ಆದ್ರೆ ಅಗ್ಗದ ಎಲ್‌ಸಿಡಿ ಕೆಲವೂ ಬ್ಯಾಕ್‌ಲೈಟನ್ನ ಹೀಗೇ ಮಿನುಗಿಸ್ತವೆ, ಅದನ್ನ ಯಾರೂ ಹೇಳೋದಿಲ್ಲ. ಹಾಗಾಗಿ ಬಾಕ್ಸ್ ಓದೋದಕ್ಕಿಂತ ನೀನೇ ಪರೀಕ್ಷೆ ಮಾಡು. ಅಂಗಡಿಯಲ್ಲಿ ಫೋನಿನ ಬ್ರೈಟ್‌ನೆಸ್ ಕಾಲು ಭಾಗಕ್ಕೆ ಇಳಿಸು, ಬಿಳಿ ಪೇಜ್ ಒಂದು ತೆಗೆ, ಸ್ವಲ್ಪ ಕತ್ತಲೆ ಇರೋ ಮೂಲೆಗೆ ಹೋಗು, ಒಂದು ಪೆನ್ನನ್ನ ಸ್ಕ್ರೀನಿನ ಮುಂದೆ ಬೇಗ ಬೇಗ ಬೀಸು. ಪೆನ್ನು ಒಂದೇ ಮಸುಕಾದ ಬೀಸಣಿಗೆ ಹಾಗೆ ಕಂಡ್ರೆ ಒಳ್ಳೇದು. ಬಾಚಣಿಗೆ ಹಲ್ಲಿನ ಹಾಗೆ ಬಿಡಿ ಬಿಡಿಯಾಗಿ ನಾಲ್ಕೈದು ಪೆನ್ನು ಕಂಡ್ರೆ ಅದು ನಿಧಾನಕ್ಕೆ ಮಿನುಗೋ ಸ್ಕ್ರೀನ್. ನಿನ್ನ ಹಳೆ ಫೋನಿನ ಕ್ಯಾಮೆರಾದಲ್ಲಿ ಪ್ರೋ ಮೋಡ್ ಇದ್ರೆ ಶಟರ್ ಸಾವಿರದಲ್ಲಿ ಒಂದು ಸೆಕೆಂಡಿಗೆ ಇಟ್ಟು ನೋಡು, ದಪ್ಪ ದಪ್ಪ ಕಪ್ಪು ಪಟ್ಟಿ ಓಡಾಡಿದ್ರೆ ಅದೇ ಅರ್ಥ.

ಆದ್ರೆ ತಂಗಿ, ಪ್ರಾಮಾಣಿಕವಾಗಿ ಹೇಳ್ಬೇಕು, ಎಲ್ಲಾ ತಲೆನೋವೂ ಸ್ಕ್ರೀನಿಂದಲ್ಲ. ಫೋನ್ ನೋಡುವಾಗ ನಾವು ಕಣ್ಣು ಮಿಟುಕಿಸೋದೇ ಕಡಿಮೆ ಆಗ್ತದೆ, ಕಣ್ಣು ಒಣಗ್ತದೆ, ಒಂದೇ ದೂರಕ್ಕೆ ದಿಟ್ಟಿಸಿ ದಿಟ್ಟಿಸಿ ಸ್ನಾಯು ಸೋಲ್ತದೆ. ಕಣ್ಣಿನ ಡಾಕ್ಟರು ಹೇಳೋ 20-20-20 ಅನ್ನೋದು ನಿಜಕ್ಕೂ ಕೆಲಸ ಮಾಡ್ತದೆ, 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನ 20 ಸೆಕೆಂಡ್ ನೋಡೋದು. ನೀಲಿ ಬೆಳಕು ತಡೆಯೋ ಸ್ಕ್ರೀನ್ ಗಾರ್ಡ್ ಅಂತ ಮುನ್ನೂರು ನಾನೂರು ಕೊಟ್ಟು ಹಾಕಿಸ್ಕೊಳ್ತಾರೆ, ಕಣ್ಣಿನ ಆಯಾಸಕ್ಕೆ ನೀಲಿ ಬೆಳಕು ಕಾರಣ ಅಲ್ಲ ಅಂತ ಅಮೆರಿಕದ ನೇತ್ರ ತಜ್ಞರ ಅಕಾಡೆಮಿಯೇ ಹೇಳ್ತದೆ, ಆ ದುಡ್ಡು ಉಳಿಸು. ಪೂರಾ ಕತ್ತಲಲ್ಲಿ ಓದೋದು ಬಿಡು, ಮೇಜಿನ ಮೇಲೆ ಒಂದು ಸಣ್ಣ ದೀಪ ಇಟ್ಕೊ, ಆಗ ಬ್ರೈಟ್‌ನೆಸ್ ಅಷ್ಟು ಇಳಿಸಬೇಕಾಗೋದೇ ಇಲ್ಲ. ಇಷ್ಟು ಮಾಡಿನೂ ನೋವು ಹೋಗದೇ ಇದ್ರೆ ಫೋನ್ ಬದಲಿಸೋಕೆ ಮುಂಚೆ ಕಣ್ಣು ಟೆಸ್ಟ್ ಮಾಡಿಸು, ಕನ್ನಡಕದ ನಂಬರ್ ಬಂದಿದ್ರೂ ಹೀಗೇ ಆಗ್ತದೆ.

ನಿನ್ನ ಫೋನಲ್ಲಿ ನಾನು ಅಮೋಲೆಡ್ಡಾ ಎಲ್‌ಸಿಡಿಯಾ ಅನ್ನೋದಕ್ಕಿಂತ ಜಾಸ್ತಿ ನೋಡೋದು ರೆಸಲ್ಯೂಷನ್, ಅಂದ್ರೆ ಸ್ಕ್ರೀನಲ್ಲಿ ಚುಕ್ಕೆ ಎಷ್ಟಿದೆ ಅನ್ನೋದು. ಇದನ್ನ ಯಾರೂ ಹೇಳೋದಿಲ್ಲ, ಎಂತಕ್ಕೆ ಅಂದ್ರೆ ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ತೊಂದರೆ ಆಗೋದಿಲ್ಲ, ನಮ್ಮ ಕನ್ನಡಕ್ಕೆ ಆಗ್ತದೆ. ದ ಬರೆದು ಕೆಳಗೆ ಒಂದು ಸೀಳು ಹಾಕಿದ್ರೆ ಧ, ಪ ಹೊಟ್ಟೆಯಲ್ಲಿ ಒಂದು ಗೆರೆ ಎಳೆದ್ರೆ ಷ, ಕೆಳಗೆ ಸೀಳಿದ್ರೆ ಫ. ಅದರ ಕೆಳಗೆ ಒತ್ತಕ್ಷರ ಬೇರೆ, ಅದು ಮೇಲಿನ ಅಕ್ಷರದ ಅರ್ಧ ಗಾತ್ರ ಇರ್ತದೆ. ಸ್ಕ್ರೀನಲ್ಲಿ ಚುಕ್ಕೆ ಕಡಿಮೆ ಇದ್ರೆ ಆ ಸೀಳು, ಆ ಗೆರೆ ಎಲ್ಲ ಮಸಿ ಸುರುವಿದ ಹಾಗೆ ಕೂಡ್ಕೊಳ್ತದೆ. ಲೆಕ್ಕ ನೋಡು, 6.7 ಇಂಚಿನ ಸ್ಕ್ರೀನಲ್ಲಿ ಎಚ್‌ಡಿ ಪ್ಲಸ್ ಅಂದ್ರೆ 720 ಅಡ್ಡ 1600, ಒಂದು ಇಂಚಿಗೆ 262 ಚುಕ್ಕೆ. ಅದೇ ಗಾತ್ರದಲ್ಲಿ ಫುಲ್ ಎಚ್‌ಡಿ ಪ್ಲಸ್ ಅಂದ್ರೆ 1080 ಅಡ್ಡ 2400, ಇಂಚಿಗೆ 393 ಚುಕ್ಕೆ. ಆ ಪ್ಲಸ್ ನೋಡಿ ಮೋಸ ಹೋಗ್ತಾರೆ ಜನ, ಎಚ್‌ಡಿ ಪ್ಲಸ್ ಅಂದ್ರೆ ದೊಡ್ಡದು ಅಂತ. ಅಮೋಲೆಡಲ್ಲಿ ಇನ್ನೊಂದು ವಿಚಾರ, ಅಲ್ಲಿ ಹೆಚ್ಚಾಗಿ ಒಂದೊಂದು ಪಿಕ್ಸೆಲಿಗೆ, ಅಂದ್ರೆ ಚುಕ್ಕೆಗೆ, ಕೆಂಪು ಹಸಿರು ನೀಲಿ ಮೂರೂ ಇರೋದಿಲ್ಲ, ಹಸಿರು ಪೂರಾ ಇರ್ತದೆ, ಕೆಂಪು ನೀಲಿ ಅರ್ಧರ್ಧ. ಪೆಂಟೈಲ್ ಅಂತಾರೆ ಇದಕ್ಕೆ. ಫುಲ್ ಎಚ್‌ಡಿ ಪ್ಲಸ್ ಇದ್ರೆ ಅದು ಕಣ್ಣಿಗೆ ಗೊತ್ತಾಗೋದಿಲ್ಲ, ಎಚ್‌ಡಿ ಪ್ಲಸ್ ಅಮೋಲೆಡ್ ಆದ್ರೆ ಅಕ್ಷರದ ಅಂಚು ಮರಳು ಮರಳಾಗಿ ಕಾಣ್ತದೆ. ನಾನಾದ್ರೆ ಎಚ್‌ಡಿ ಪ್ಲಸ್ ಅಮೋಲೆಡ್ ಬಿಟ್ಟು ಫುಲ್ ಎಚ್‌ಡಿ ಪ್ಲಸ್ ಎಲ್‌ಸಿಡಿ ತಗೊಳ್ತೇನೆ, ನಿನ್ನ ಕೆಲಸಕ್ಕೆ.

ಅಂಗಡಿಯಲ್ಲಿ ಅವರು ಹಾಕಿಟ್ಟ ಹೂವಿನ ವಿಡಿಯೋ ನೋಡಬೇಡ. ನೀನು ದಿನಾ ಓದೋ ಕನ್ನಡ ಪಿಡಿಎಫ್ ಒಂದನ್ನ ಆ ಫೋನಲ್ಲಿ ತೆಗೆ, ಝೂಮ್ ಮಾಡ್ಬೇಡ, ಇಡೀ ಪುಟ ಕಾಣೋ ಹಾಗೆ ಇಟ್ಟು "ವಿದ್ಯಾರ್ಥಿ", "ಅರ್ಥಶಾಸ್ತ್ರ", "ಕೃಷ್ಣಾ" ಅನ್ನೋ ಥರದ ಪದ ಹುಡುಕಿ ಒತ್ತು ಬಿಡಿಸಿ ಕಾಣ್ತದಾ ನೋಡು. ಆ ಪರೀಕ್ಷೆ ಪಾಸಾದ್ರೆ ಫೋನ್ ಪಾಸು.

120 ಹರ್ಟ್ಜ್ ಬಗ್ಗೆ ಜಾಸ್ತಿ ಹೇಳೋದು ಇಲ್ಲ. ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗ್ತದೆ ಅನ್ನೋ ಲೆಕ್ಕ ಅದು, 60 ಆದ್ರೆ 16.7 ಮಿಲಿಸೆಕೆಂಡಿಗೊಮ್ಮೆ, 120 ಆದ್ರೆ 8.3ಕ್ಕೊಮ್ಮೆ. ಪುಟ ಸರಿಸುವಾಗ ನುಣ್ಣಗೆ ಹೋಗ್ತದೆ, ಚೆಂದ ಅನಿಸ್ತದೆ, ಆದ್ರೆ ನಿಂತ ಪುಟ ಓದೋಕೆ ಅದರಿಂದ ಏನೂ ಆಗೋದಿಲ್ಲ, ಬ್ಯಾಟರಿ ಸ್ವಲ್ಪ ಜಾಸ್ತಿ ತಿಂತದೆ. ಓದುವಾಗ 1 ಹರ್ಟ್ಜಿನವರೆಗೆ ಇಳಿಯೋ ಎಲ್‌ಟಿಪಿಓ ಅನ್ನೋದು ಉಂಟು, ಅದು ಹೆಚ್ಚಾಗಿ ದುಬಾರಿ ಫೋನಲ್ಲಿ, ನಿಮ್ಮ ಬಜೆಟಿಗೆ ಅದರ ಚಿಂತೆ ಬೇಡ. 90 ಇದ್ರೂ ಸಾಕು. ಡಾರ್ಕ್ ಮೋಡಿಂದ ಅಮೋಲೆಡಲ್ಲಿ ಬ್ಯಾಟರಿ ಉಳೀತದೆ ಅನ್ನೋದು ನಿಜ, ಆದ್ರೆ ಬ್ರೈಟ್‌ನೆಸ್ ಪೂರಾ ಇದ್ದಾಗ. ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಅಳೆದು ನೋಡಿದ್ರು, ಪೂರ್ತಿ ಬೆಳಕಲ್ಲಿ ಸರಾಸರಿ 39ರಿಂದ 47 ಪರ್ಸೆಂಟ್ ಉಳಿತಾಯ, ಮನೆ ಒಳಗಿನ 30-50 ಪರ್ಸೆಂಟ್ ಬೆಳಕಲ್ಲಿ ಬರೀ 3ರಿಂದ 9. ಅಂದ್ರೆ ಅದೂ ಅಪ್ಪನಿಗೇ ಲಾಭ, ನಿನಗಲ್ಲ. ಎಲ್‌ಸಿಡಿಯಲ್ಲಂತೂ ಬ್ಯಾಕ್‌ಲೈಟ್ ಹೇಗೂ ಉರೀತಿರೋದ್ರಿಂದ ಡಾರ್ಕ್ ಮೋಡಿಂದ ಏನೂ ಉಳಿಯೋದಿಲ್ಲ.

ಕರಾವಳಿಯವರಿಗೆ ಅಂತಲೇ ಹೇಳ್ಬೇಕಾದ್ದು ಉಪ್ಪು ಮತ್ತೆ ಮರಳು. ಟಚ್ ಕೆಲಸ ಮಾಡೋದು ನಮ್ಮ ಬೆರಳು ಸ್ಕ್ರೀನ್ ಮೇಲಿನ ಸಣ್ಣ ವಿದ್ಯುತ್ ಕ್ಷೇತ್ರವನ್ನ ಬದಲಿಸೋದ್ರಿಂದ. ನೀರಿನ ಹನಿನೂ ಅದನ್ನೇ ಮಾಡ್ತದೆ, ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರೋ ಸಮುದ್ರದ ನೀರಂತೂ ಕರೆಂಟನ್ನ ಇನ್ನೂ ಚೆನ್ನಾಗಿ ಹರಿಸ್ತದೆ. ಅದಕ್ಕೇ ಒದ್ದೆ ಕೈಯಲ್ಲಿ ಒತ್ತಿದ್ರೆ ಒಂದು ಕಡೆ ಒತ್ತಿದ್ದು ಇನ್ನೊಂದು ಕಡೆ ಹೋಗ್ತದೆ, ತಾನೇ ತಾನೇ ಒತ್ಕೊಳ್ತದೆ. ಕೆಲವು ಹೊಸ ಫೋನಲ್ಲಿ ಒದ್ದೆ ಕೈಗೆ ಅಂತಲೇ ಟಚ್ ಸರಿ ಮಾಡಿರ್ತಾರೆ, ಅಪ್ಪನಿಗೆ ಅಂಥದ್ದೇ ನೋಡು, ನಮ್ಮ ಶಿರಸಿ ಕಡೆ ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯೋರಿಗೂ ನಾನು ಅದನ್ನೇ ಹೇಳ್ತೇನೆ. ನೀರು ಧೂಳು ತಡೆಯೋದಕ್ಕೆ ಐಪಿ67, ಐಪಿ68 ಅಂತ ರೇಟಿಂಗ್ ಬರ್ದಿದ್ರೆ ಸಮುದ್ರಕ್ಕೆ ಬಿದ್ರೂ ಏನೂ ಆಗೋದಿಲ್ಲ ಅಂತ ತಿಳ್ಕೋಬೇಡಿ, ಆ ಪರೀಕ್ಷೆ ಸಿಹಿನೀರಲ್ಲಿ, ಐಪಿ67 ಅಂದ್ರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ. ಉಪ್ಪು ನೀರು ತಾಗಿದ್ರೆ ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಆಮೇಲೆ ಚಾರ್ಜಿಗೆ ಹಾಕ್ಲಿ. ಒದ್ದೆ ಇರುವಾಗ ಚಾರ್ಜ್ ಹಾಕಿ ಪಿನ್ನು ಹಸಿರು ಕಟ್ಟಿದ ಫೋನ್ ಕಾರವಾರ, ಅಂಕೋಲಾ ಕಡೆಯಿಂದ ನನ್ನ ಹತ್ರ ತುಂಬಾ ಬರ್ತದೆ.

ಮರಳು ಇನ್ನೂ ಕೆಟ್ಟದ್ದು. ಗಾಜಿನ ಗಟ್ಟಿತನ ಮೋಸ್ ಮಾಪನದಲ್ಲಿ (ಯಾವುದು ಯಾವುದನ್ನ ಗೀರ್ತದೆ ಅನ್ನೋ ಲೆಕ್ಕ) ಸುಮಾರು 6, ಬೀಚಿನ ಮರಳಲ್ಲಿರೋ ಬೆಣಚುಕಲ್ಲಿನ (ಕ್ವಾರ್ಟ್ಜ್) ಕಣ 7. ಗೊರಿಲ್ಲಾ ಗ್ಲಾಸ್ ಆದ್ರೂ ಗಾಜು ಗಾಜೇ, ಒಡೆಯೋದು ಕಡಿಮೆ ಆಗ್ತದೆ, ಮರಳಿನ ಗೀರು ತಪ್ಪೋದಿಲ್ಲ. ಚಾಕು ಕೀಲಿಕೈ ಗೀರೋದಿಲ್ಲ, ಲುಂಗಿ ಅಂಚಲ್ಲಿ ಅಂಟಿದ ಎರಡು ಮರಳು ಕಣ ಗೀರ್ತದೆ. ಒರೆಸೋಕೆ ಮುಂಚೆ ಊದ್ಬೇಕು. ಟೆಂಪರ್ಡ್ ಗಾಜು ಹಾಕಿಸಿ, ಅದಕ್ಕಾಗಿಯೇ ಚಪ್ಪಟೆ ಸ್ಕ್ರೀನ್ ತಗೊಳ್ಳಿ, ಅಂಚು ಬಾಗಿದ್ದು ನೋಡೋಕೆ ಚೆಂದ, ಗಾಜು ಸರಿಯಾಗಿ ಕೂರೋದಿಲ್ಲ, ಬಿದ್ರೆ ಅಂಚಲ್ಲೇ ಒಡೀತದೆ.

ಒಡೆಯೋದರ ಮಾತು ಬಂತಲ್ಲ, ನನ್ನ ಅಂಗಡಿಯಲ್ಲಿ ಜನ ಕಣ್ಣೀರು ಹಾಕೋದು ಇಲ್ಲೇ. ಎಲ್‌ಸಿಡಿ ಫೋನಿನ ಕಾಂಬೋ, ಅಂದ್ರೆ ಡಿಸ್‌ಪ್ಲೇ ಮತ್ತೆ ಟಚ್ ಸೇರಿದ್ದು, ನಮ್ಮಲ್ಲಿ ಹೆಚ್ಚಾಗಿ 1500ರಿಂದ 2500 ಒಳಗೆ ಆಗ್ತದೆ. ಅಮೋಲೆಡ್ ಒರಿಜಿನಲ್ ಆದ್ರೆ 5000ದಿಂದ ಮೇಲೆ, ಕೆಲವಕ್ಕೆ ಫೋನಿನ ಅರ್ಧ ರೇಟು. ಆಗ ಎಂತ ಆಗ್ತದೆ ಅಂದ್ರೆ, ಅಮೋಲೆಡ್ ಇದ್ದ ಫೋನಿಗೆ ಎಲ್‌ಸಿಡಿಯ ಕಾಪಿ ಕಾಂಬೋ ಹಾಕಿ ಒರಿಜಿನಲ್ ಅಂತ ಕೊಡೋರು ಇದ್ದಾರೆ. ಕಳೆದ ವರ್ಷ ಒಬ್ಬ ಹುಡುಗ ಬಂದಿದ್ದ, ಎಲ್ಲೋ ಬೇರೆ ಕಡೆ ನಾಲ್ಕು ಸಾವಿರ ಕೊಟ್ಟು ಡಿಸ್‌ಪ್ಲೇ ಹಾಕಿಸಿದ್ದ, ಅವತ್ತಿಂದ ಫಿಂಗರ್‌ಪ್ರಿಂಟ್ ಕೆಲಸ ಮಾಡ್ತಿಲ್ಲ, ಸಾಫ್ಟ್‌ವೇರ್ ಸರಿ ಮಾಡು ಅಂತ. ನಾನು ಫೋನ್ ಓರೆ ಹಿಡಿದು ನೋಡಿದೆ, ಗಾಜು ಫ್ರೇಮಿಗಿಂತ ಒಂದು ಕೂದಲೆಳೆ ಮೇಲೆ ಎದ್ದಿತ್ತು, ಬ್ಯಾಕ್‌ಲೈಟ್ ಇರೋದ್ರಿಂದ ಎಲ್‌ಸಿಡಿ ದಪ್ಪ, ಹಾಗೆ ಏಳ್ತದೆ. ಸ್ಕ್ರೀನ್ ಒಳಗಿನ ಆ ಫಿಂಗರ್‌ಪ್ರಿಂಟ್ ಸೆನ್ಸರ್ ಡಿಸ್‌ಪ್ಲೇ ಹಿಂದೆ ಕೂತು ಚುಕ್ಕೆಗಳ ಸಂದಿಯಿಂದ ಬೆರಳನ್ನ ನೋಡೋದು, ಮಧ್ಯ ಬ್ಯಾಕ್‌ಲೈಟ್ ಬಂದು ಕೂತ್ರೆ ಅದಕ್ಕೆ ಕಣ್ಣು ಮುಚ್ಚಿದ ಹಾಗೆ. ಯಾವ ಸಾಫ್ಟ್‌ವೇರೂ ಅದನ್ನ ಸರಿ ಮಾಡೋದಿಲ್ಲ. ಆ ಹುಡುಗನಿಗೆ ಇದನ್ನ ಹೇಳುವಾಗ ನನಗೇ ಬೇಜಾರಾಯ್ತು, ಅವನು ಅಡಿಕೆ ಸುಲಿಯೋ ಕೆಲಸಕ್ಕೆ ಹೋಗಿ ಕೂಡಿಸಿದ ದುಡ್ಡು, ಕೈಯಲ್ಲಿ ಚೊಗರು ಇನ್ನೂ ಹೋಗಿರ್ಲಿಲ್ಲ.

ಹಾಗಾಗಿ ಯಾವಾಗಲಾದ್ರೂ ಡಿಸ್‌ಪ್ಲೇ ಬದಲಿಸಿದ್ರೆ ದುಡ್ಡು ಕೊಡೋಕೆ ಮುಂಚೆ ಪೂರಾ ಕಪ್ಪು ಫೋಟೋ ಒಂದು ಫುಲ್ ಸ್ಕ್ರೀನಲ್ಲಿ ತೆಗೆದು, ಸ್ಕ್ರೀನನ್ನ ಎರಡೂ ಕೈಯಲ್ಲಿ ಮರೆ ಮಾಡಿ ಒಳಗೆ ಇಣುಕಿ ನೋಡು. ಎಲ್ಲಾ ಕಪ್ಪು, ಫೋನ್ ಆಫ್ ಆದ ಹಾಗಿದ್ರೆ ಅದು ಅಮೋಲೆಡ್. ಬೂದಿ ಹೊಳಪು ಕಂಡ್ರೆ ಎಲ್‌ಸಿಡಿ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗಲೂ ಇದೇ ಪರೀಕ್ಷೆ ಮಾಡಿ, ಜೊತೆಗೆ ಪೂರಾ ಬಿಳಿ, ಪೂರಾ ಬೂದಿ ಬಣ್ಣದ ಫೋಟೋನೂ ತೆಗೆದು ನೋಡಿ. ಬರ್ನ್-ಇನ್ ಆಗಿದ್ರೆ ಅದರಲ್ಲಿ ಕಾಣ್ತದೆ, ಹಳೆ ಮ್ಯಾಪಿನ ಪಟ್ಟಿ, ಕೀಬೋರ್ಡಿನ ನೆರಳು ಅಂಥದ್ದು. ಓಎಲ್‌ಇಡಿಯಲ್ಲಿ ಚುಕ್ಕೆ ಉರಿದಷ್ಟೂ ಸವೀತದೆ, ನೀಲಿ ಎಲ್ಲಕ್ಕಿಂತ ಬೇಗ. ಒಂದೇ ಚಿತ್ರವನ್ನ ಪೂರ್ತಿ ಬೆಳಕಲ್ಲಿ ದಿನಾ ಎಂಟು ಹತ್ತು ಗಂಟೆ ಇಟ್ರೆ ಆ ಗುರುತು ಉಳೀತದೆ. ಅಪ್ಪ ಬೋಟಲ್ಲಿ ಜಿಪಿಎಸ್ ಮ್ಯಾಪ್ ಆನ್ ಇಟ್ಟೇ ಇರೋರಾದ್ರೆ ಇದು ನೆನಪಿರ್ಲಿ, ನೋಡಿ ಮುಗಿದ ಮೇಲೆ ಸ್ಕ್ರೀನ್ ಆರಿಸ್ಲಿ. ಅಮೋಲೆಡಲ್ಲಿ ಇದ್ದಕ್ಕಿದ್ದ ಹಾಗೆ ಮೇಲಿಂದ ಕೆಳಗೆ ಒಂದು ಹಸಿರು ಗೆರೆ ಬರೋದೂ ಉಂಟು, ಅದಕ್ಕೆ ಡಿಸ್‌ಪ್ಲೇ ಬದಲಿಸೋದು ಬಿಟ್ಟು ಬೇರೆ ದಾರಿ ಇಲ್ಲ, ಹಾಗೆ ಬಂದ್ರೆ ವಾರಂಟಿ ಮುಗಿದಿದ್ರೂ ಮೊದಲು ಕಂಪನಿ ಸರ್ವಿಸ್ ಸೆಂಟರಿಗೆ ಹೋಗಿ ಕೇಳಿ, ಕೆಲವು ಕಂಪನಿಗಳು ಪುಕ್ಕಟೆ ಬದಲಿಸಿ ಕೊಟ್ಟಿವೆ.

ಈಗ ನಿಮ್ಮ 35 ಸಾವಿರವನ್ನ ನಾನಾದ್ರೆ ಹೀಗೆ ಹಂಚ್ತೇನೆ. ಅಪ್ಪನಿಗೆ 20 ಸಾವಿರದ ಆಸುಪಾಸು, ಚಪ್ಪಟೆ ಅಮೋಲೆಡ್, ಎಚ್‌ಬಿಎಂ ಸಾವಿರದ ಮೇಲೆ, ಒದ್ದೆ ಕೈ ಟಚ್ ಇದ್ದದ್ದು, ನೀರಿಗೆ ಐಪಿ ರೇಟಿಂಗ್ ಇದ್ರೆ ಇನ್ನೂ ಒಳ್ಳೇದು, ಮತ್ತೆ ಮೊದಲ ವರ್ಷಕ್ಕೆ ಸ್ಕ್ರೀನ್ ಇನ್ಶೂರೆನ್ಸ್ ಸಿಕ್ಕಿದ್ರೆ ಮಾಡಿಸಿ, ಬೋಟಲ್ಲಿ ಕೆಲಸ ಮಾಡೋರ ಫೋನ್ ಬೀಳೋದೇ. ನಿನಗೆ 14-15 ಸಾವಿರ, ಫುಲ್ ಎಚ್‌ಡಿ ಪ್ಲಸ್ ಇರೋ ಒಳ್ಳೆ ಐಪಿಎಸ್ ಎಲ್‌ಸಿಡಿ. ಪೆನ್ನಿನ ಪರೀಕ್ಷೆಯಲ್ಲಿ ಪಾಸಾಗೋ ಅಮೋಲೆಡ್ ಅದೇ ರೇಟಿಗೆ ಸಿಕ್ಕಿದ್ರೆ ಅದೂ ಅಡ್ಡಿಲ್ಲ, ಆದ್ರೆ ತಗೊಳ್ಳೋಕೆ ಮುಂಚೆ ಅಂಥ ಫೋನ್ ಇರೋ ಯಾರದ್ದಾದ್ರೂ ಒಂದು ರಾತ್ರಿ ಇಸ್ಕೊಂಡು ಎರಡು ಗಂಟೆ ಓದಿ ನೋಡು, ನಿನ್ನ ತಲೆಗೆ ತಾಗ್ತದೋ ಇಲ್ವೋ ಅನ್ನೋದು ನಿನಗೆ ಮಾತ್ರ ಗೊತ್ತಾಗೋದು.

ಜೂನ್ 1ರಿಂದ ಜುಲೈ 31ರವರೆಗೆ ಹೇಗೂ ಯಾಂತ್ರಿಕ ಬೋಟಿನ ಮೀನುಗಾರಿಕೆ ಬಂದ್, ಆಗ ಅಪ್ಪ ಬಲೆ ಸರಿ ಮಾಡ್ತಾ ನೆರಳಲ್ಲೇ ಇರ್ತಾರೆ, ಫೋನ್ ಪರೀಕ್ಷೆ ಮಾಡೋಕೆ ಅದು ಸರಿಯಾದ ಕಾಲ ಅಲ್ಲ, ಮಳೆ ಮೋಡದಲ್ಲಿ ಯಾವ ಸ್ಕ್ರೀನೂ ಚೆನ್ನಾಗೇ ಕಾಣ್ತದೆ. ಬಿಸಿಲಿರೋ ದಿನ ನೋಡಿ ಹೋಗಿ, ಅಪ್ಪನನ್ನೂ ಕರ್ಕೊಂಡು ಹೋಗು, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ. ಅಂಗಡಿಯವರ ಹತ್ರ ಕೇಳಿ ಫೋನನ್ನ ಬಾಗಿಲ ಹೊರಗೆ ತಂದು, ಆಟೋ ಬ್ರೈಟ್‌ನೆಸ್ ಆನ್ ಮಾಡಿ, ಕೈಯಲ್ಲಿ ಒಂದು ಹನಿ ನೀರು ಹಾಕ್ಕೊಂಡು ಅಪ್ಪನೇ ಒಂದು ನಂಬರ್ ಡಯಲ್ ಮಾಡ್ಲಿ. ಹೊರಗೆ ತರೋಕೆ ಬಿಡೋದಿಲ್ಲ ಅಂದ್ರೆ ಬೇರೆ ಅಂಗಡಿಗೆ ಹೋಗಿ. ಎರಡು ಮೂರು ಮಾಡೆಲ್ ಆರಿಸಿಟ್ಟ ಮೇಲೆ ಹೆಸರು ಬರೆದು ಕಳಿಸು, ಅದರ ಒರಿಜಿನಲ್ ಕಾಂಬೋ ಸಿಗ್ತದಾ, ರೇಟ್ ಎಷ್ಟು ಅಂತ ಹುಬ್ಬಳ್ಳಿಯ ಹೋಲ್‌ಸೇಲಿನವರ ಹತ್ರ ಕೇಳಿ ಹೇಳ್ತೇನೆ.